ಲಿನಕ್ಸ್‌ನಲ್ಲಿ ಡಿನೋ: ಖಾತೆ ತೆರೆಯುವುದರಿಂದ ಕೀಲಿ ಕಾಪಾಡುವವರೆಗೆ ಎಕ್ಸ್‌ಎಂಪಿಪಿ ಚಾಟ್‌ನ ಪೂರ್ತಿ ಮಾರ್ಗದರ್ಶಿ

ಲಿನಕ್ಸ್ ಅಥವಾ ಬಿಎಸ್‌ಡಿ ಕಂಪ್ಯೂಟರ್ ಮುಂದೆ ದಿನವಿಡೀ ಕೂರುವವರಿಗೆ ಚಾಟ್ ಮಾಡಲು ಪ್ರತಿ ಸಲ ಫೋನ್ ಎತ್ತಿಕೊಳ್ಳುವುದು ಕಿರಿಕಿರಿ. ಬ್ರೌಸರ್‌ನಲ್ಲಿ ಒಂದು ಟ್ಯಾಬ್ ತೆರೆದಿಟ್ಟರೆ ಅದು ಮೆಮೊರಿ ತಿನ್ನುತ್ತದೆ, ಫೋನ್ ನಂಬರ್ ಬೇರೆ ಕೇಳುತ್ತದೆ. ಇದಕ್ಕೆ ಒಳ್ಳೆಯ ದಾರಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಚಾಟ್ ವ್ಯವಸ್ಥೆ. ಅದನ್ನು ಬಳಸಲು ಡೆಸ್ಕ್‌ಟಾಪ್‌ನಲ್ಲಿ ಸಿಗುವ ಅಂದವಾದ, ಹಗುರವಾದ ಆ್ಯಪ್ ಡಿನೋ.

ಡಿನೋ ಇನ್‌ಸ್ಟಾಲ್ ಮಾಡಲು ಐದು ನಿಮಿಷವೂ ಬೇಡ. ಜನ ಒದ್ದಾಡುವುದು ಬೇರೆ ಎರಡು ಕಡೆ. ಒಂದು, ಖಾತೆ ಯಾವ ಸರ್ವರ್‌ನಲ್ಲಿ ತೆರೆಯಬೇಕು ಎಂಬುದು. ಇನ್ನೊಂದು, ಗೂಢಲಿಪಿಯ ಕೀಲಿಗಳು. ಅವೆರಡನ್ನೂ ಅವಸರದಲ್ಲಿ ದಾಟಿಬಿಟ್ಟರೆ ಮುಂದೆ "ಮೆಸೇಜ್ ಓದಲಾಗುತ್ತಿಲ್ಲ", "ಫೋಟೋ ಹೋಗುತ್ತಿಲ್ಲ" ಎಂಬ ದೂರುಗಳು ಶುರುವಾಗುತ್ತವೆ, ಆಗ ಬೈಸಿಕೊಳ್ಳುವುದು ಪಾಪ ಡಿನೋ. ಹಾಗಾಗಿ ಈ ಬರಹದಲ್ಲೂ ಅವಕ್ಕೇ ಜಾಸ್ತಿ ಜಾಗ.

ಶುರು ಮಾಡುವ ಮೊದಲು ಒಂದು ಸೂಚನೆ. ಕಮಾಂಡ್‌ಗಳು, ಬಟನ್ ಹೆಸರುಗಳು, ವಿಳಾಸಗಳು ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಎಲ್ಲಿ ದೊಡ್ಡಕ್ಷರ ಬೇಕೋ ಅಲ್ಲಿ ಹೇಳುತ್ತೇನೆ.

ಎಕ್ಸ್‌ಎಂಪಿಪಿ ಅಂದರೆ ಏನು

ಇಮೇಲ್ ಹೇಗೋ ಇದೂ ಹಾಗೆಯೇ. ನಿಮ್ಮ ಖಾತೆ ಒಂದು ಸರ್ವರ್‌ನಲ್ಲಿ, ಗೆಳೆಯರ ಖಾತೆ ಇನ್ನೊಂದರಲ್ಲಿ. ಆದರೂ ಮಾತು ನಡೆಯುತ್ತದೆ, ಏಕೆಂದರೆ ಸರ್ವರ್‌ಗಳು ತಮ್ಮ ತಮ್ಮಲ್ಲೇ ಸಂದೇಶ ಸಾಗಿಸುತ್ತವೆ. ವಿಳಾಸವೂ ಇಮೇಲ್ ಥರವೇ ಇರುತ್ತದೆ: ಹೆಸರು, ನಡುವೆ ಎಟ್ ಚಿಹ್ನೆ, ಆಮೇಲೆ ಸರ್ವರ್‌ನ ಡೊಮೈನ್. ಇದಕ್ಕೆ ಜಾಬರ್ ಐಡಿ ಅನ್ನುತ್ತಾರೆ, ಏಕೆಂದರೆ 1999ರಲ್ಲಿ ಜೆರೆಮಿ ಮಿಲ್ಲರ್ ಇದನ್ನು ಜಾಬರ್ ಎಂಬ ಹೆಸರಲ್ಲೇ ಹೊರತಂದರು. 2004ರಲ್ಲಿ ಇದು ಇಂಟರ್ನೆಟ್‌ನ ಅಧಿಕೃತ ಮಾನದಂಡವಾಯಿತು, 2011ರಲ್ಲಿ ಪರಿಷ್ಕರಣೆ ಆಯಿತು.

2005ರಲ್ಲಿ ಬಂದ ಗೂಗಲ್ ಟಾಕ್ ಕೂಡ ಇದರ ಮೇಲೆಯೇ ನಿಂತಿತ್ತು. ಆಮೇಲೆ ಹ್ಯಾಂಗೌಟ್ಸ್ ಬಂದಾಗ ಗೂಗಲ್ ಹೊರಗಿನ ಸರ್ವರ್‌ಗಳ ಜೊತೆಗಿನ ಕೊಂಡಿ ಕೈಬಿಟ್ಟಿತು. ಆದರೆ ಎಕ್ಸ್‌ಎಂಪಿಪಿ ನಿಲ್ಲಲಿಲ್ಲ, ಏಕೆಂದರೆ ಅದು ಒಬ್ಬರ ಸ್ವತ್ತಲ್ಲ. ಒಂದು ಸರ್ವರ್ ಮುಚ್ಚಿದರೆ ಇನ್ನೊಂದಕ್ಕೆ ಹೋಗಬಹುದು. ಒಂದು ಆ್ಯಪ್ ಹಿಡಿಸದಿದ್ದರೆ ಬೇರೆಯದು ಹಾಕಿಕೊಳ್ಳಬಹುದು, ಖಾತೆ ಮಾತ್ರ ಹಾಗೇ ಇರುತ್ತದೆ. ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರುವುದು ಈ ಕಾರಣಕ್ಕೇ.

ಮೊದಲ ಹೆಜ್ಜೆ: ಸರ್ವರ್ ಆರಿಸುವುದು

ಡಿನೋ ತೆರೆದ ಕೂಡಲೇ ಅದೇ ಹೊಸ ಖಾತೆ ಮಾಡಿಕೊಡಲು ಸಿದ್ಧವಿರುತ್ತದೆ. ಸುಮ್ನೆ ಕಣ್ಣಿಗೆ ಬಿದ್ದ ಮೊದಲ ಸರ್ವರ್ ಒತ್ತಬೇಡಿ. ನಿಮ್ಮ ವಿಳಾಸದಲ್ಲಿ ಆ ಸರ್ವರ್‌ನ ಹೆಸರು ಸೇರಿರುತ್ತದೆ. ನಾಳೆ ಬದಲಿಸಬೇಕೆಂದರೆ ಎಲ್ಲರಿಗೂ ಹೊಸ ವಿಳಾಸ ತಿಳಿಸಬೇಕು, ಗುಂಪುಗಳಿಗೆ ಮತ್ತೆ ಸೇರಬೇಕು.

ಪ್ರೊವೈಡರ್ಸ್ ಡಾಟ್ ಎಕ್ಸ್‌ಎಂಪಿಪಿ ಡಾಟ್ ನೆಟ್ ಎಂಬ ತಾಣದಲ್ಲಿ ಸಾರ್ವಜನಿಕ ಸರ್ವರ್‌ಗಳ ಪಟ್ಟಿ ಇದೆ, ಗುಣಮಟ್ಟ ನೋಡಿ ದರ್ಜೆಯನ್ನೂ ಕೊಟ್ಟಿದ್ದಾರೆ. ಅಲ್ಲಿ ನೋಡಬೇಕಾದ್ದು ಇಷ್ಟು. ಸರ್ವರ್ ಎಷ್ಟು ವರ್ಷದಿಂದ ನಡೆಯುತ್ತಿದೆ? ಫೈಲ್ ಕಳಿಸಲು ಎಷ್ಟು ಎಂಬಿ ಮಿತಿ? ಕಳಿಸಿದ ಫೈಲ್ ಎಷ್ಟು ದಿನ ಉಳಿಯುತ್ತದೆ? ಮೆಸೇಜ್‌ಗಳನ್ನು ಸರ್ವರ್ ಎಷ್ಟು ದಿನ ಇಟ್ಟುಕೊಳ್ಳುತ್ತದೆ? ಪಾಸ್‌ವರ್ಡ್ ಮರೆತರೆ ಇಮೇಲ್ ಮೂಲಕ ಮರಳಿ ಪಡೆಯಬಹುದೇ?

ಕೊನೆಯ ಎರಡನ್ನು ಜನ ನೋಡುವುದೇ ಇಲ್ಲ, ಆದರೆ ಅವೇ ಮುಖ್ಯ. ಮೆಸೇಜ್ ಸಂಗ್ರಹ ಎಂದರೆ, ನಿಮ್ಮ ಕಂಪ್ಯೂಟರ್ ಆಫ್ ಇದ್ದಾಗ ಬಂದದ್ದನ್ನು ಸರ್ವರ್ ಕೂಡಿಟ್ಟು, ನೀವು ಬಂದ ಮೇಲೆ ಕೊಡುವುದು. ಫೋನ್ ಮತ್ತು ಕಂಪ್ಯೂಟರ್ ಎರಡರಲ್ಲೂ ಒಂದೇ ಮಾತುಕತೆ ಕಾಣಬೇಕೆಂದರೆ ಇದು ಬೇಕೇ ಬೇಕು. ಏಳೇ ದಿನ ಇಟ್ಟುಕೊಳ್ಳುವ ಸರ್ವರ್ ಆದರೆ, ಎರಡು ವಾರ ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದಾಗ ಅರ್ಧ ಮಾತುಕತೆ ಕಾಣುವುದಿಲ್ಲ. ಪಾಸ್‌ವರ್ಡ್ ವಿಷಯ ಇನ್ನೂ ಗಟ್ಟಿ: ಎಷ್ಟೋ ಸರ್ವರ್‌ಗಳಿಗೆ ನಿಮ್ಮ ಇಮೇಲ್ಲೂ ಗೊತ್ತಿಲ್ಲ, ನಂಬರ್ರೂ ಗೊತ್ತಿಲ್ಲ, ಹಾಗಾಗಿ ಮರೆತರೆ ಖಾತೆ ಹೋಯಿತೆಂದೇ ಲೆಕ್ಕ. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಮೊದಲು ಬರೆದಿಡಿ, ಆಮೇಲೆ ಖಾತೆ ತೆರೆಯಿರಿ.

ನಿಮ್ಮದೇ ಡೊಮೈನ್ ಮತ್ತು ಚಿಕ್ಕ ಸರ್ವರ್ ಇದ್ದರೆ ಪ್ರೊಸೋಡಿ, ಇಜಾಬರ್‌ಡಿ, ಸ್ನಿಕೆಟ್ ಎಂಬ ಎಕ್ಸ್‌ಎಂಪಿಪಿ ಸರ್ವರ್ ತಂತ್ರಾಂಶಗಳಲ್ಲಿ ಒಂದನ್ನು ನಡೆಸಬಹುದು. ಮನೆಯವರಿಗೆ, ಚಿಕ್ಕ ತಂಡಕ್ಕೆ ಸ್ನಿಕೆಟ್ ಸುಲಭ. ಅದರದ್ದೇ ಒಂದು ದೊಡ್ಡ ಕಥೆ, ಇಲ್ಲಿ ಬಿಡುತ್ತೇನೆ.

ಎರಡನೇ ಹೆಜ್ಜೆ: ಇನ್‌ಸ್ಟಾಲ್

ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರು ಬರೀ ಡಿನೋ ಅಲ್ಲ, ಡಿನೋ-ಐಎಂ. ಹಾಗಾಗಿ ಸುಡೋ ಆಪ್ಟ್ ಇನ್‌ಸ್ಟಾಲ್ ಡಿನೋ-ಐಎಂ ಎಂದು ಕೊಡಿ. ಫೆಡೋರಾದಲ್ಲಿ ಸುಡೋ ಡಿಎನ್‌ಎಫ್ ಇನ್‌ಸ್ಟಾಲ್ ಡಿನೋ. ಆರ್ಚ್‌ನಲ್ಲಿ ಪ್ಯಾಕ್‌ಮನ್‌ಗೆ ಹೈಫನ್ ಹಾಕಿ ದೊಡ್ಡಕ್ಷರದ ಎಸ್, ಆಮೇಲೆ ಡಿನೋ. ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ ಇನ್‌ಸ್ಟಾಲ್ ಡಿನೋ.

ಡೆಬಿಯನ್ ಸ್ಟೇಬಲ್ ಬಳಸುವವರಿಗೆ ಸ್ವಲ್ಪ ಹಳೆಯ ಆವೃತ್ತಿ ಸಿಗಬಹುದು. ಡಿನೋ ವಿಷಯದಲ್ಲಿ ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸ ಇದೆ. ವಿಡಿಯೊ ಕರೆ ಬಂದದ್ದು 2022ರ 0.3 ಆವೃತ್ತಿಯಲ್ಲಿ. ಒಂದು ಮೆಸೇಜಿಗೆ ನೇರವಾಗಿ ಉತ್ತರಿಸುವುದು, ಎಮೋಜಿಯಲ್ಲಿ ಪ್ರತಿಕ್ರಿಯಿಸುವುದು ಬಂದದ್ದು 2023ರ 0.4ರಲ್ಲಿ. ಹೊಸದೇ ಬೇಕೆಂದರೆ ಫ್ಲಾಟ್‌ಹಬ್ ಎಂಬ ಆ್ಯಪ್ ಭಂಡಾರದಿಂದ ಹಾಕಿಕೊಳ್ಳಿ: ಫ್ಲಾಟ್‌ಪ್ಯಾಕ್ ಇನ್‌ಸ್ಟಾಲ್ ಫ್ಲಾಟ್‌ಹಬ್, ಆಮೇಲೆ ಐಎಂ ಡಾಟ್ ಡಿನೋ ಡಾಟ್ ಡಿನೋ. ಆ ಕೊನೆಯ ಡಿನೋದ ಡಿ ಮಾತ್ರ ದೊಡ್ಡಕ್ಷರ. ಡಿಸ್ಟ್ರೋದ ಪ್ಯಾಕೇಜ್, ಫ್ಲಾಟ್‌ಪ್ಯಾಕ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಅವು ತಮ್ಮ ಡೇಟಾವನ್ನು ಬೇರೆ ಬೇರೆ ಜಾಗದಲ್ಲಿ ಇಡುತ್ತವೆ, ಆಮೇಲೆ ಯಾವುದರಲ್ಲಿ ಏನಿದೆ ಎಂದು ತಲೆ ಕೆಡುತ್ತದೆ.

ಡಿನೋ ಬಹಳ ಸರಳ. ಸೆಟ್ಟಿಂಗ್‌ಗಳು ಕಡಿಮೆ, ಅದು ಬೇಕೆಂದೇ ಮಾಡಿದ್ದು. ಪ್ರತಿಯೊಂದನ್ನೂ ತಿದ್ದಿ ತೀಡಿ ನೋಡಬೇಕೆನ್ನುವವರಿಗೆ ಗಾಜಿಮ್ ಇದೆ, ಅದೂ ಹಳಬ, ಪ್ಲಗಿನ್‌ಗಳೂ ಇವೆ, ಎಲ್ಲ ಡಿಸ್ಟ್ರೋಗಳಲ್ಲೂ ಸಿಗುತ್ತದೆ. ಮ್ಯಾಕ್ ಬಳಸುವವರಿಗೆ ಮೋನಲ್ ಒಳ್ಳೆಯದು. ಈ ಬರಹದ ಬಹುಪಾಲು ವಿಷಯ ಅವಕ್ಕೂ ಹೊಂದುತ್ತದೆ, ಬಟನ್‌ಗಳು ಮಾತ್ರ ಬೇರೆ ಕಡೆ ಇರುತ್ತವೆ.

ಮೂರನೇ ಹೆಜ್ಜೆ: ಖಾತೆ

ಮೊದಲ ಸಲ ತೆರೆದಾಗ ಸ್ವಾಗತದ ಪುಟ ಬರುತ್ತದೆ. ಖಾತೆ ಇದ್ದರೆ ಸೈನ್ ಇನ್ ದಾರಿ ಹಿಡಿದು ಪೂರ್ತಿ ಜಾಬರ್ ಐಡಿ ಕೊಡಿ, ಆಮೇಲೆ ಪಾಸ್‌ವರ್ಡ್. ಬರೀ ಹೆಸರು ಕೊಟ್ಟರೆ ಸಾಲದು, ಎಟ್ ಚಿಹ್ನೆ ಮತ್ತು ಡೊಮೈನ್ ಕೂಡ ಬೇಕು. ಪೋರ್ಟ್ ಯಾವುದು, ಸರ್ವರ್ ಎಲ್ಲಿದೆ ಎಂಬುದನ್ನೆಲ್ಲ ಡಿಎನ್‌ಎಸ್‌ನಲ್ಲಿರುವ ಎಸ್‌ಆರ್‌ವಿ ದಾಖಲೆ ನೋಡಿ ಡಿನೋ ತಾನೇ ಕಂಡುಕೊಳ್ಳುತ್ತದೆ.

ಹೊಸ ಖಾತೆ ಬೇಕಿದ್ದರೆ ಕ್ರಿಯೇಟ್ ಅಕೌಂಟ್ ಒತ್ತಿ, ಮೊದಲೇ ಆರಿಸಿಟ್ಟ ಸರ್ವರ್‌ನ ಹೆಸರನ್ನು ಕೈಯಾರೆ ಟೈಪ್ ಮಾಡಿ. ಕೆಲವು ಸರ್ವರ್‌ಗಳು ಆ್ಯಪ್ ಒಳಗಿಂದ ನೋಂದಣಿ ಬಿಡುವುದಿಲ್ಲ, ಕಸದ ಮೆಸೇಜ್ ಕಳಿಸುವವರ ಕಾಟದಿಂದ. ಅಂಥಲ್ಲಿ ಅವರ ತಾಣಕ್ಕೆ ಹೋಗಿ ಖಾತೆ ತೆರೆದು, ಆಮೇಲೆ ಇಲ್ಲಿ ಸೈನ್ ಇನ್ ಮಾಡಿ.

ಹೆಸರು ಆರಿಸುವಾಗ ಸಣ್ಣಕ್ಷರ ಮತ್ತು ಅಂಕಿ ಸಾಕು. ಸುಲಭವಾಗಿ ಬಾಯಲ್ಲಿ ಹೇಳಲು ಬರುವಂಥದ್ದು ಇಟ್ಟುಕೊಂಡರೆ ಫೋನಿನಲ್ಲಿ ಯಾರಿಗಾದರೂ ಹೇಳುವಾಗ ಅನುಕೂಲ.

ಇನ್ನೊಂದು ವಿಷಯ ಗಮನದಲ್ಲಿರಲಿ. ಕಿಟಕಿ ಮುಚ್ಚಿದರೆ ಡಿನೋ ನಿಲ್ಲುವುದಿಲ್ಲ, ಹಿಂದೆ ನಡೆಯುತ್ತಲೇ ಇರುತ್ತದೆ, ಮೆಸೇಜ್ ಬಂದರೆ ಸೂಚನೆ ಕೊಡುತ್ತದೆ. ಪೂರ್ತಿ ನಿಲ್ಲಿಸಲು ಕಂಟ್ರೋಲ್ ಕ್ಯೂ. ಲಾಗಿನ್ ಆದ ಕೂಡಲೇ ತಾನಾಗಿ ಶುರುವಾಗಬೇಕೆಂದರೆ ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಆಟೋಸ್ಟಾರ್ಟ್‌ಗೆ, ಗ್ನೋಮ್‌ನಲ್ಲಿ ಟ್ವೀಕ್ಸ್ ಮೂಲಕ ಸ್ಟಾರ್ಟಪ್ ಪಟ್ಟಿಗೆ ಸೇರಿಸಿ.

ನಾಲ್ಕನೇ ಹೆಜ್ಜೆ: ಮೊದಲ ಮಾತು

ಪ್ಲಸ್ ಚಿಹ್ನೆ ಒತ್ತಿ ಸ್ಟಾರ್ಟ್ ಕಾನ್ವರ್ಸೇಷನ್ ಆರಿಸಿ, ಅಥವಾ ಕಂಟ್ರೋಲ್ ಟಿ. ಗೆಳೆಯರ ಪೂರ್ತಿ ವಿಳಾಸ ಕೊಟ್ಟು ಸೇರಿಸಿ. ಆಗ ಅವರಿಗೊಂದು ಕೋರಿಕೆ ಹೋಗುತ್ತದೆ. ಅವರು ಒಪ್ಪಿ, ತಿರುಗಿ ನಿಮ್ಮನ್ನೂ ಸೇರಿಸಿಕೊಂಡರೆ ಒಬ್ಬರಿಗೊಬ್ಬರು ಆನ್‌ಲೈನ್ ಇದ್ದೀರೋ ಇಲ್ಲವೋ ಕಾಣುತ್ತದೆ. ಒಪ್ಪುವ ಮುಂಚೆಯೇ ಮಾತಾಡಬಹುದು. ಆದರೆ ಎರಡೂ ಕಡೆ ಸೇರಿಸಿಕೊಂಡಿದ್ದರೆ ಮುಂದೆ ಕೀಲಿ ವಿನಿಮಯ, ಕರೆ ಎಲ್ಲ ಸಲೀಸು. ಅದನ್ನು ಬಾಕಿ ಇಡಬೇಡಿ.

ಮೆಸೇಜ್ ಪಕ್ಕದ ಗುರುತುಗಳನ್ನು ಓದಲು ಕಲಿಯಿರಿ. ಗಡಿಯಾರ ಇದ್ದರೆ ಇನ್ನೂ ಹೋಗಿಲ್ಲ. ಒಂದು ಟಿಕ್ ಇದ್ದರೆ ಎದುರಿನವರ ಸಾಧನಕ್ಕೆ ತಲುಪಿದೆ. ಎರಡು ಟಿಕ್ ಎಂದರೆ ಓದಿದ್ದಾರೆ. ಏನೂ ಗುರುತಿಲ್ಲದಿದ್ದರೆ ಸರ್ವರ್‌ಗೆ ಹೋಗಿದೆ, ಅವರ ಸಾಧನ ಇನ್ನೂ ಎತ್ತಿಕೊಂಡಿಲ್ಲ, ಅಥವಾ ಅವರ ಆ್ಯಪ್ ರಸೀದಿ ಕಳಿಸುವುದಿಲ್ಲ. ಎಚ್ಚರಿಕೆಯ ಚಿಹ್ನೆ ಬಂದರೆ ಕಳಿಸಲು ಆಗಲಿಲ್ಲ ಎಂದರ್ಥ, ಸಾಮಾನ್ಯವಾಗಿ ಕೀಲಿ ತೊಂದರೆ.

ನೀವು ಓದಿದ್ದು, ಟೈಪ್ ಮಾಡುತ್ತಿರುವುದು ಬೇರೆಯವರಿಗೆ ತಿಳಿಯಬಾರದು ಅಂದರೆ ಪ್ರಿಫರೆನ್ಸಸ್‌ನಲ್ಲಿ ಎರಡೂ ಆಯ್ಕೆ ಆಫ್ ಮಾಡಿಬಿಡಿ. ತಪ್ಪು ಟೈಪ್ ಮಾಡಿ ಕಳಿಸಿದರೆ ಖಾಲಿ ಪೆಟ್ಟಿಗೆಯಲ್ಲಿ ಮೇಲಿನ ಬಾಣದ ಕೀ ಒತ್ತಿ, ಕೊನೆಯ ಮೆಸೇಜ್ ತಿದ್ದಲು ಬರುತ್ತದೆ. ಫೈಲ್ ಕಳಿಸಲು ಎಳೆದು ತಂದು ಬಿಟ್ಟರಾಯಿತು, ಸ್ಕ್ರೀನ್‌ಶಾಟ್ ಆದರೆ ನೇರವಾಗಿ ಪೇಸ್ಟ್ ಮಾಡಬಹುದು.

ಐದನೇ ಹೆಜ್ಜೆ: ಓಮೆಮೋ, ಅಂದರೆ ಕೀಲಿಗಳ ವಿಷಯ

ಇಲ್ಲಿ ನಿಧಾನವಾಗಿ ಓದಿ.

ಡಿನೋದಿಂದ ಸರ್ವರ್‌ವರೆಗೆ ಹೋಗುವ ದಾರಿ ಯಾವಾಗಲೂ ಟಿಎಲ್‌ಎಸ್ ಎಂಬ ಗೂಢಲಿಪಿಯಿಂದ ಭದ್ರ. ಆದರೆ ಸರ್ವರ್ ಒಳಗೆ ಮೆಸೇಜ್ ತೆರೆದ ಪತ್ರದ ಹಾಗೆ ಇರುತ್ತದೆ, ಅಲ್ಲಿನ ಆಡಳಿತಗಾರ ಬೇಕೆಂದರೆ ಓದಬಹುದು. ಅದನ್ನು ತಪ್ಪಿಸುವುದೇ ಓಮೆಮೋ. 2015ರಲ್ಲಿ ಬಂದ ಈ ವಿಧಾನ ಸಿಗ್ನಲ್ ಎಂಬ ಚಾಟ್ ಆ್ಯಪ್‌ನಲ್ಲಿರುವ ಡಬಲ್ ರ್‍ಯಾಚೆಟ್ ತಂತ್ರವನ್ನೇ ಬಳಸುತ್ತದೆ. ಮೆಸೇಜ್ ನಿಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ, ಎದುರಿನವರ ಸಾಧನದಲ್ಲೇ ತೆರೆಯುತ್ತದೆ.

ಮೆಸೇಜ್ ಬರೆಯುವ ಪೆಟ್ಟಿಗೆಯಲ್ಲಿ ಬೀಗದ ಚಿಹ್ನೆ ಇದೆ. ಅದನ್ನು ಒತ್ತಿ ಓಮೆಮೋ ಆರಿಸಿ. ಪ್ರತಿ ಮಾತುಕತೆಗೂ ಬೇರೆ ಬೇರೆಯಾಗಿ ಆರಿಸಬಹುದು, ಹಾಗಾಗಿ ಹೊಸಬರ ಜೊತೆ ಶುರು ಮಾಡಿದಾಗಲೆಲ್ಲ ಬೀಗದ ಕಡೆ ಒಮ್ಮೆ ಕಣ್ಣು ಹಾಯಿಸಿ.

ಈಗ ಮುಖ್ಯ ವಿಷಯ. ಓಮೆಮೋದಲ್ಲಿ ಕೀಲಿ ಇರುವುದು ಖಾತೆಗಲ್ಲ, ಸಾಧನಕ್ಕೆ. ನಿಮ್ಮ ಲ್ಯಾಪ್‌ಟಾಪ್‌ಗೆ ಒಂದು, ಫೋನಿಗೆ ಒಂದು, ಆಫೀಸಿನ ಕಂಪ್ಯೂಟರಿಗೆ ಮತ್ತೊಂದು. ಯಾರಾದರೂ ನಿಮಗೆ ಮೆಸೇಜ್ ಕಳಿಸಿದಾಗ, ಆ ಹೊತ್ತಿಗೆ ಗೊತ್ತಿರುವ ನಿಮ್ಮ ಅಷ್ಟೂ ಸಾಧನಗಳಿಗೆ ತೆರೆಯಲು ಬರುವಂತೆ ಅದಕ್ಕೆ ಬೀಗ ಬೀಳುತ್ತದೆ. ಇವತ್ತು ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿನೋ ಹಾಕಿದರೆ, ನಿನ್ನೆಯ ಮೆಸೇಜ್‌ಗಳಲ್ಲಿ ಈ ಲ್ಯಾಪ್‌ಟಾಪ್‌ನ ಪಾಲು ಇರುವುದೇ ಇಲ್ಲ. ಸರ್ವರ್ ಅವನ್ನು ಕೊಟ್ಟರೂ ತೆರೆಯಲಾಗುವುದಿಲ್ಲ. ಡಿನೋ ಕೆಟ್ಟಿಲ್ಲ, ಪಾಸ್‌ವರ್ಡ್ ತಪ್ಪಿಲ್ಲ, ಈ ವಿಧಾನ ಇರುವುದೇ ಹಾಗೆ. ಇದಕ್ಕೇ ನನ್ನ ಸಲಹೆ: ನೀವು ಬಳಸಬೇಕೆಂದಿರುವ ಎಲ್ಲ ಸಾಧನಗಳನ್ನೂ ಮೊದಲ ದಿನವೇ ಸೇರಿಸಿಬಿಡಿ. ಫೋನಿನಲ್ಲಿ ಆಂಡ್ರಾಯ್ಡ್ ಆದರೆ ಕಾನ್ವರ್ಸೇಷನ್ಸ್, ಐಫೋನ್ ಆದರೆ ಮೋನಲ್ ಹಾಕಿ, ಅದೇ ಖಾತೆಯಲ್ಲಿ ಒಳಗೆ ಬನ್ನಿ, ಆಮೇಲೆ ಮಾತು ಶುರು ಮಾಡಿ.

ಮುಂದಿನದು ನಂಬಿಕೆ. ಎದುರಿನವರ ಕೀಲಿ ನಿಜಕ್ಕೂ ಅವರದ್ದೇ ಎಂದು ಹೇಗೆ ಗೊತ್ತು? ಮಾತುಕತೆಯ ವಿವರಗಳಲ್ಲಿ ಎನ್‌ಕ್ರಿಪ್ಷನ್ ಭಾಗ ತೆರೆದರೆ ಅವರ ಪ್ರತಿ ಸಾಧನದ ಕೀಲಿಗೂ ಅಂಕಿ ಮತ್ತು ಅಕ್ಷರಗಳ ಉದ್ದನೆಯ ಗುರುತು ಕಾಣುತ್ತದೆ. ಇದು ಫಿಂಗರ್‌ಪ್ರಿಂಟ್. ಅವರ ಪರದೆಯಲ್ಲಿರುವುದೂ ನಿಮ್ಮಲ್ಲಿರುವುದೂ ಒಂದೇನಾ ಎಂದು ಹೋಲಿಸಿ. ಎದುರಾಬದುರು ಕೂತು ನೋಡಿದರೆ ಒಳ್ಳೆಯದು, ಆಗದಿದ್ದರೆ ಫೋನ್ ಮಾಡಿ ಓದಿ ಹೇಳಿ. ಅದೇ ಚಾಟ್‌ನಲ್ಲಿ ಕಳಿಸಿ ಹೋಲಿಸಿದರೆ ಉಪಯೋಗವಿಲ್ಲ, ಪರೀಕ್ಷಿಸಬೇಕಾದ ದಾರಿಯನ್ನೇ ನಂಬಿದ ಹಾಗಾಗುತ್ತದೆ ಅಲ್ವಾ? ಡಿನೋ ನಿಮ್ಮ ಕೀಲಿಯ ಕ್ಯೂಆರ್ ಕೋಡ್ ಕೂಡ ತೋರಿಸುತ್ತದೆ, ಫೋನಿನ ಕಾನ್ವರ್ಸೇಷನ್ಸ್‌ನಿಂದ ಸ್ಕ್ಯಾನ್ ಮಾಡಿದರೆ ಕೆಲಸ ಮುಗಿಯಿತು.

ಅಲ್ಲೇ ಹೊಸ ಕೀಲಿಗಳನ್ನು ತಾನಾಗಿ ಒಪ್ಪುವ ಒಂದು ಸ್ವಿಚ್ ಇರುತ್ತದೆ. ಶುರುವಿನಲ್ಲಿ ಅದು ಆನ್ ಇದ್ದರೆ ಬಳಸಲು ಸುಲಭ. ಸೂಕ್ಷ್ಮ ವಿಷಯ ಮಾತಾಡುವವರ ಜೊತೆ ಒಮ್ಮೆ ಕೀಲಿ ಹೋಲಿಸಿ ನೋಡಿದ ಮೇಲೆ ಆಫ್ ಮಾಡಿ. ಆಮೇಲೆ ಅವರು ಹೊಸ ಫೋನ್ ತೆಗೆದುಕೊಂಡರೆ ಡಿನೋ ನಿಮ್ಮನ್ನು ಕೇಳುತ್ತದೆ, ನೀವು ಒಪ್ಪುವವರೆಗೂ ಆ ಸಾಧನಕ್ಕೆ ನಿಮ್ಮ ಮಾತು ತೆರೆಯುವುದಿಲ್ಲ. ಎಲ್ಲರ ಜೊತೆಗೂ ಹೀಗೆ ಮಾಡಬೇಕಿಲ್ಲ. ಸಂಜೆ ಎಷ್ಟು ಗಂಟೆಗೆ ಸಿಗೋಣ ಎಂದು ಕೇಳಲು ಇಷ್ಟೆಲ್ಲ ಬೇಡ.

ನಿಮ್ಮದೇ ಹಳೆಯ ಸಾಧನಗಳನ್ನೂ ನೋಡಿಕೊಳ್ಳಿ. ಮಾರಿಬಿಟ್ಟ ಫೋನ್, ಅಳಿಸಿ ಹೊಸದಾಗಿ ಹಾಕಿದ ಡಿಸ್ಟ್ರೋ, ಇವುಗಳ ಕೀಲಿ ಪಟ್ಟಿಯಲ್ಲಿ ಉಳಿದುಬಿಡುತ್ತದೆ, ಪ್ರತಿ ಮೆಸೇಜೂ ಅವಕ್ಕೂ ಬೀಗ ಹಾಕಿಸಿಕೊಳ್ಳುತ್ತಿರುತ್ತದೆ. ಡಿನೋದ ಖಾತೆ ಸೆಟ್ಟಿಂಗ್‌ನಲ್ಲಿ ನಿಮ್ಮ ಇತರ ಸಾಧನಗಳ ಕೀಲಿ ತಿರಸ್ಕರಿಸಬಹುದು. ಪಟ್ಟಿಯನ್ನೇ ಗುಡಿಸಬೇಕೆಂದರೆ ಕಾನ್ವರ್ಸೇಷನ್ಸ್‌ನ ಖಾತೆ ಪುಟದಲ್ಲಿ ಕ್ಲಿಯರ್ ಡಿವೈಸಸ್ ಇದೆ. ಅದನ್ನು ಒತ್ತಿದ ಮೇಲೆ ಈಗ ಬಳಸುತ್ತಿರುವ ಆ್ಯಪ್‌ಗಳನ್ನೆಲ್ಲ ಒಮ್ಮೆ ತೆರೆಯಿರಿ, ಅವು ಮತ್ತೆ ಪಟ್ಟಿ ಸೇರುತ್ತವೆ.

ಓಮೆಮೋ ಏನನ್ನು ಮುಚ್ಚುವುದಿಲ್ಲ ಎಂಬುದೂ ತಿಳಿದಿರಲಿ. ನೀವು ಯಾರ ಜೊತೆ, ಯಾವಾಗ ಮಾತಾಡಿದಿರಿ ಎಂಬುದು ಸರ್ವರ್‌ಗೆ ಗೊತ್ತಾಗುತ್ತದೆ. ನಿಮ್ಮ ಸಂಪರ್ಕಗಳ ಪಟ್ಟಿಯೂ ಅಲ್ಲಿಯೇ ಇರುತ್ತದೆ. ಇನ್ನು ನಿಮ್ಮ ಡಿಸ್ಕ್‌ನಲ್ಲಿ ಮೆಸೇಜ್‌ಗಳು ಬೀಗವಿಲ್ಲದೆ ಡೇಟಾಬೇಸ್‌ನಲ್ಲಿ ಕೂತಿರುತ್ತವೆ. ಲ್ಯಾಪ್‌ಟಾಪ್ ಕಳೆದುಹೋದರೆ ಓಮೆಮೋ ಕಾಪಾಡುವುದಿಲ್ಲ, ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದ್ದರೆ ಮಾತ್ರ ನೆಮ್ಮದಿ.

ಗುಂಪುಗಳು

ಎರಡು ಬಗೆ ಇವೆ, ಗೊಂದಲ ಮಾಡಿಕೊಳ್ಳಬೇಡಿ. ಸಾರ್ವಜನಿಕ ಚಾನೆಲ್‌ಗೆ ಯಾರು ಬೇಕಾದರೂ ಬರಬಹುದು, ಅಲ್ಲಿ ಸಾಮಾನ್ಯವಾಗಿ ಬೇರೆಯವರ ನಿಜವಾದ ವಿಳಾಸ ಕಾಣುವುದಿಲ್ಲ, ಅಡ್ಡಹೆಸರು ಮಾತ್ರ. ವಿಳಾಸ ಗೊತ್ತಿಲ್ಲದೆ ಕೀಲಿ ಹುಡುಕಲಾಗದು, ಹಾಗಾಗಿ ಅಲ್ಲಿ ಓಮೆಮೋ ನಡೆಯುವುದಿಲ್ಲ. ಖಾಸಗಿ ಗುಂಪಿನಲ್ಲಿ ಸದಸ್ಯರಷ್ಟೇ ಇರುತ್ತಾರೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ, ಅಲ್ಲಿ ಓಮೆಮೋ ನಡೆಯುತ್ತದೆ.

ಚಾನೆಲ್ ಸೇರಲು ಪ್ಲಸ್ ಒತ್ತಿ ಜಾಯಿನ್ ಚಾನೆಲ್, ಅಥವಾ ಕಂಟ್ರೋಲ್ ಜಿ. ಚಾನೆಲ್‌ನ ವಿಳಾಸವೂ ಹೆಸರು, ಎಟ್, ಡೊಮೈನ್ ಎಂಬ ರೂಪದಲ್ಲೇ ಇರುತ್ತದೆ. ಡಿನೋ ಬಗ್ಗೆಯೇ ಕೇಳಬೇಕೆಂದರೆ ಚಾಟ್ ಎಟ್ ಡಿನೋ ಡಾಟ್ ಐಎಂ ಎಂಬ ಚಾನೆಲ್ ಇದೆ. ಬೇರೆ ವಿಷಯಗಳಿಗೆ ಸರ್ಚ್ ಡಾಟ್ ಜಾಬರ್ ಡಾಟ್ ನೆಟ್‌ವರ್ಕ್ ಎಂಬ ತಾಣದಲ್ಲಿ ಹುಡುಕಿ. ದೊಡ್ಡ ಚಾನೆಲ್‌ಗಳಲ್ಲಿ ಪ್ರತಿ ಮೆಸೇಜಿಗೂ ಸದ್ದು ಬಂದರೆ ಕೆಲಸ ಕೆಡುತ್ತದೆ, ನಿಮ್ಮ ಹೆಸರು ಬಂದಾಗ ಮಾತ್ರ ಸೂಚನೆ ಕೊಡುವಂತೆ ಆ ಚಾನೆಲ್‌ನ ವಿವರಗಳಲ್ಲಿ ಬದಲಿಸಿ.

ಖಾಸಗಿ ಗುಂಪನ್ನು ಡಿನೋದಲ್ಲಿ ಕೈಯಾರೆ ಮಾಡಲು ಬರುತ್ತದೆ. ಆದರೆ ಸದಸ್ಯರಿಗೆ ಮಾತ್ರ, ವಿಳಾಸ ಎಲ್ಲರಿಗೂ ಕಾಣಬೇಕು, ಗುಂಪು ಶಾಶ್ವತವಾಗಿರಬೇಕು ಎಂಬ ಮೂರನ್ನೂ ರೂಮಿನ ಸೆಟ್ಟಿಂಗ್‌ನಲ್ಲಿ ಹುಡುಕಿ ಹಾಕಬೇಕು, ಒಂದು ಬಿಟ್ಟರೂ ಬೀಗ ಕೆಲಸ ಮಾಡುವುದಿಲ್ಲ ಅಥವಾ ಗುಂಪೇ ಉಳಿಯುವುದಿಲ್ಲ. ಇದಕ್ಕಿಂತ ಫೋನಿನ ಕಾನ್ವರ್ಸೇಷನ್ಸ್‌ನಲ್ಲಿ ಖಾಸಗಿ ಗುಂಪು ಮಾಡಿ. ಅದು ಎಲ್ಲವನ್ನೂ ಸರಿಯಾಗಿ ಹಾಕಿಕೊಡುತ್ತದೆ. ಗುಂಪುಗಳ ಪಟ್ಟಿ ಸರ್ವರ್‌ನಲ್ಲೇ ಇರುವುದರಿಂದ ಡಿನೋದಲ್ಲೂ ತಾನಾಗಿ ಕಾಣಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವುದು

ಡಿನೋದಲ್ಲಿ ಕನ್ನಡಕ್ಕೆಂದು ಬೇರೆ ಏನೂ ಮಾಡಬೇಕಿಲ್ಲ, ಸಿಸ್ಟಮ್ ಸರಿ ಇದ್ದರೆ ಸಾಕು. ಅಕ್ಷರ ಚೌಕ ಚೌಕವಾಗಿ ಕಂಡರೆ ಫಾಂಟ್ ಇಲ್ಲ ಎಂದರ್ಥ. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿಕೊಳ್ಳಿ. ಗುಬ್ಬಿ, ನವಿಲು ಫಾಂಟ್‌ಗಳೂ ಮುಕ್ತವಾಗಿ ಸಿಗುತ್ತವೆ.

ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟಕ್ಕೆ ಹೋಗಿ ಇನ್‌ಪುಟ್ ಸೋರ್ಸ್‌ಗೆ ಕನ್ನಡ ಸೇರಿಸಿ. ಕಗಪ ವಿನ್ಯಾಸ ಗೊತ್ತಿದ್ದವರಿಗೆ ಯಾವ ಹೆಚ್ಚುವರಿ ಪ್ಯಾಕೇಜೂ ಬೇಡ, ಅದು ಮೊದಲೇ ಇರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಬರಿಸುವವರು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್ ಔಟ್ ಆಗಿ ಬಂದು, ಐಟ್ರಾನ್ಸ್ ಆರಿಸಿ. ಭಾಷೆ ಬದಲಿಸಲು ಸೂಪರ್ ಕೀ ಮತ್ತು ಸ್ಪೇಸ್. ಕೆಡಿಇಯಲ್ಲಿ ವೇಲ್ಯಾಂಡ್ ಬಳಸುವವರು ಸಿಸ್ಟಮ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಎಫ್‌ಸಿಐಟಿಎಕ್ಸ್ 5 ಎಂಬ ಟೈಪಿಂಗ್ ತಂತ್ರಾಂಶ ಆರಿಸಬೇಕು. ಇದನ್ನು ಬಿಟ್ಟರೆ ಬೇರೆ ಆ್ಯಪ್‌ಗಳಲ್ಲಿ ಬರುವ ಕನ್ನಡ ಡಿನೋದಲ್ಲಿ ಬರದೇ ಹೋಗಬಹುದು.

ಕರೆ

ಮಾತುಕತೆಯ ಮೇಲೆ ಫೋನಿನ ಚಿಹ್ನೆ ಇದೆ, ಆಡಿಯೊ, ವಿಡಿಯೊ ಎರಡೂ ನಡೆಯುತ್ತವೆ, ಕಾನ್ವರ್ಸೇಷನ್ಸ್ ಇರುವ ಫೋನಿಗೂ ಕರೆ ಹೋಗುತ್ತದೆ. ಗಂಟೆ ಬಡಿದು, ಎತ್ತಿದ ಮೇಲೆ ಸದ್ದೇ ಬರದಿದ್ದರೆ ಬಹುತೇಕ ಸಲ ಸರ್ವರ್‌ನಲ್ಲಿ ಟರ್ನ್ ಸೇವೆ ಇಲ್ಲ. ರೂಟರ್‌ಗಳ ಹಿಂದೆ ಕೂತ ಇಬ್ಬರನ್ನು ಜೋಡಿಸುವುದು ಅದೇ. ನಿಮ್ಮಿಂದ ಸರಿಪಡಿಸಲು ಆಗದ ಕೆಲಸ, ಸರ್ವರ್ ನಡೆಸುವವರನ್ನು ಕೇಳಿ.

ಬ್ಯಾಕಪ್

ಡಿನೋದ ಎಲ್ಲವೂ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಡಿನೋ ಎಂಬಲ್ಲಿ ಇರುತ್ತದೆ. ಫ್ಲಾಟ್‌ಪ್ಯಾಕ್ ಆದರೆ ಡಾಟ್ ವ್ಯಾರ್ ಒಳಗಿನ ಆ್ಯಪ್ ಫೋಲ್ಡರ್‌ನಲ್ಲಿ ಡಿನೋದ ಹೆಸರಿನಡಿ ಹುಡುಕಿ. ಡಿನೋ ಡಾಟ್ ಡಿಬಿಯಲ್ಲಿ ಮೆಸೇಜ್‌ಗಳು, ಓಮೆಮೋ ಡಾಟ್ ಡಿಬಿಯಲ್ಲಿ ಕೀಲಿಗಳು. ಪಾಸ್‌ವರ್ಡನ್ನೂ ಡಿನೋ ಈ ಫೋಲ್ಡರಿನಲ್ಲೇ ಇಡುತ್ತ ಬಂದಿದೆ, ಆದ್ದರಿಂದ ಇದನ್ನು ಬೇರೆಯವರ ಕೈಗೆ ಸಿಗುವ ಜಾಗದಲ್ಲಿ ಇಡಬೇಡಿ. ಬ್ಯಾಕಪ್ ಕೂಡ ಎನ್‌ಕ್ರಿಪ್ಟ್ ಆದ ಡಿಸ್ಕ್‌ನಲ್ಲೇ ಇರಲಿ.

ಕಾಪಿ ಮಾಡುವ ಮುಂಚೆ ಕಂಟ್ರೋಲ್ ಕ್ಯೂ ಕೊಟ್ಟು ಪೂರ್ತಿ ನಿಲ್ಲಿಸಿ. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹೋಗುವಾಗ ಈ ಫೋಲ್ಡರನ್ನು ಅಲ್ಲಿಗೆ ಸಾಗಿಸಿದರೆ ಹಳೆಯ ಮಾತುಕತೆಯೂ ಕೀಲಿಯೂ ಜೊತೆಗೆ ಬರುತ್ತವೆ. ಆದರೆ ಅದು ಸಾಗಣೆ ಆಗಿರಬೇಕು, ನಕಲು ಅಲ್ಲ. ಒಂದೇ ಕೀಲಿಯ ಫೋಲ್ಡರನ್ನು ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ಓಡಿಸಬಾರದು. ಓಮೆಮೋದ ಕೀಲಿ ಪ್ರತಿ ಮೆಸೇಜಿಗೂ ಒಂದು ಹೆಜ್ಜೆ ಮುಂದೆ ಹೋಗುತ್ತಿರುತ್ತದೆ, ಎರಡು ಕಡೆ ನಡೆದರೆ ಲೆಕ್ಕ ತಪ್ಪಿ ಮೆಸೇಜ್‌ಗಳು ತೆರೆಯುವುದನ್ನೇ ನಿಲ್ಲಿಸುತ್ತವೆ. ತಿಂಗಳ ಹಿಂದಿನ ಬ್ಯಾಕಪ್ ಹಾಕಿದರೂ ಇದೇ ಕಾಟ. ಅಂಥ ಹೊತ್ತಿನಲ್ಲಿ ಡಿನೋ ಡಾಟ್ ಡಿಬಿ ಮಾತ್ರ ಉಳಿಸಿಕೊಂಡು, ಓಮೆಮೋ ಡಾಟ್ ಡಿಬಿ ತೆಗೆದು, ಹೊಸ ಕೀಲಿ ಹುಟ್ಟಲು ಬಿಡಿ, ಗೆಳೆಯರಿಗೆ ಹೊಸ ಫಿಂಗರ್‌ಪ್ರಿಂಟ್ ತಿಳಿಸಿ.

ಕನೆಕ್ಟ್ ಆಗದಿದ್ದರೆ

ಮೊದಲು ಗಡಿಯಾರ ನೋಡಿ. ನಿಜವಾಗಿಯೂ. ಕಂಪ್ಯೂಟರಿನ ದಿನಾಂಕ ತಪ್ಪಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದಂತೆ ಕಂಡು ಟಿಎಲ್‌ಎಸ್ ನಿಂತುಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಬ್ಯಾಟರಿ ಸತ್ತಿದ್ದರೆ ಇದು ಪದೇ ಪದೇ ಆಗುತ್ತದೆ.

ಗಡಿಯಾರ ಸರಿ ಇದ್ದರೆ ನೆಟ್‌ವರ್ಕ್. ಆ್ಯಪ್‌ನಿಂದ ಸರ್ವರ್‌ಗೆ ಸಾಮಾನ್ಯವಾಗಿ 5222ನೇ ಪೋರ್ಟ್ ಬಳಕೆಯಾಗುತ್ತದೆ. ಆಫೀಸು, ಕಾಲೇಜುಗಳ ಫೈರ್‌ವಾಲ್ ಇದನ್ನು ತಡೆದಿರಬಹುದು. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕನೆಕ್ಟ್ ಆಗಿ ಅಲ್ಲಿ ಮಾತ್ರ ಆಗದಿದ್ದರೆ ಇದೇ ಕಾರಣ. ಟರ್ಮಿನಲ್‌ನಲ್ಲಿ ಎನ್‌ಸಿ, ಹೈಫನ್ ವಿ ಜಡ್, ಸರ್ವರ್‌ನ ಹೆಸರು, 5222 ಎಂದು ಕೊಟ್ಟರೆ ದಾರಿ ತೆರೆದಿದೆಯೋ ಇಲ್ಲವೋ ತಿಳಿಯುತ್ತದೆ. ಕೆಲವು ಸರ್ವರ್‌ಗಳು ವೆಬ್‌ಸೈಟ್‌ಗಳು ಬಳಸುವ 443ರಲ್ಲೂ ಬಾಗಿಲು ತೆರೆದಿಡುತ್ತವೆ, ಡಿನೋ ಅದನ್ನು ತಾನೇ ಪ್ರಯತ್ನಿಸುತ್ತದೆ. ಇಂಥ ಜಾಗದಿಂದ ಬಳಸುವವರು ಸರ್ವರ್ ಆರಿಸುವಾಗಲೇ ಈ ಸೌಲಭ್ಯ ಇದೆಯೇ ನೋಡಿ.

ಇದೂ ಅಲ್ಲವೆಂದರೆ ಡಿನೋ ನಿಲ್ಲಿಸಿ, ಟರ್ಮಿನಲ್‌ನಿಂದ ಶುರು ಮಾಡಿ: ಡಿನೋ, ಒಂದು ಸ್ಪೇಸ್, ಎರಡು ಹೈಫನ್, ಪ್ರಿಂಟ್, ಹೈಫನ್, ಎಕ್ಸ್‌ಎಂಪಿಪಿ, ಸಮ ಚಿಹ್ನೆ, ಆಲ್. ಡೆಬಿಯನ್‌ನಲ್ಲಿ ಕಮಾಂಡ್ ಹೆಸರು ಡಿನೋ-ಐಎಂ. ಸರ್ವರ್ ಜೊತೆ ನಡೆಯುವ ಪೂರ್ತಿ ಮಾತುಕತೆ ಪರದೆಯ ಮೇಲೆ ಹರಿಯುತ್ತದೆ. ನಾಟ್-ಆಥರೈಸ್ಡ್ ಎಂದು ಕಂಡರೆ ಪಾಸ್‌ವರ್ಡ್ ಅಥವಾ ಹೆಸರು ತಪ್ಪು. ರಿಮೋಟ್-ಸರ್ವರ್ ಎಂಬ ಪದ ಇರುವ ದೋಷವಾದರೆ ನಿಮ್ಮ ಕಡೆ ಸರಿ ಇದೆ, ಗೆಳೆಯರ ಸರ್ವರ್ ಸಿಗುತ್ತಿಲ್ಲ. ಸಹಾಯ ಕೇಳುವಾಗ ಈ ಸಾಲುಗಳನ್ನು ಹಾಗೇ ಅಂಟಿಸಬೇಡಿ. ಅದರಲ್ಲಿ ನಿಮ್ಮ ಲಾಗಿನ್ ವಿವರ, ಸಂಪರ್ಕಗಳ ವಿಳಾಸ, ಬೀಗ ಹಾಕದ ಮೆಸೇಜ್‌ಗಳು ಎಲ್ಲ ಇರುತ್ತವೆ. ದೋಷ ಕಾಣುವ ಎರಡು ಮೂರು ಸಾಲು, ನಿಮ್ಮ ಡಿನೋದ ಆವೃತ್ತಿ, ಡಿಸ್ಟ್ರೋದ ಹೆಸರು, ಇಷ್ಟು ಕೊಟ್ಟು ಡಿನೋ ಚಾನೆಲ್‌ನಲ್ಲಿ ಕೇಳಿ, ಕೇಳಿದ ಮೇಲೆ ಹೊರಗೆ ಹೋಗದೆ ಕಾಯಿರಿ. ಉತ್ತರ ಕೊಡುವವರು ಬೇರೆ ಬೇರೆ ಸಮಯ ವಲಯಗಳಲ್ಲಿ ಇರುತ್ತಾರೆ, ಕೆಲವು ಸಲ ಅರ್ಧ ದಿನವೂ ಹಿಡಿಯಬಹುದು.